ಬಾಸ್ಕೆಟ್‌ಬಾಲ್: ಎಳೆಯರ ತರಬೇತಿ

ಎಂಟರಿಂದ ಹದಿನೆಂಟು ವರ್ಷದ ಹುಡುಗ ಹುಡುಗಿಯರಿಗೆ ಬಾಸ್ಕೆಟ್‌ಬಾಲ್ ಆಟವನ್ನು ದಿನನಿತ್ಯದ ಅಭ್ಯಾಸದಲ್ಲೂ ಪಂದ್ಯದ ಹೊತ್ತಿನಲ್ಲೂ ಕಲಿಸುವ ಕ್ರಮ. ಡ್ರಿಬ್ಲಿಂಗ್, ಪಾಸ್, ಶೂಟಿಂಗ್, ರಕ್ಷಣೆ ಮೊದಲಾದ ಕೌಶಲಗಳ ಜತೆಗೆ ಬೆಳೆಯುವ ದೇಹದ ಆರೈಕೆ, ತಂಡದಲ್ಲಿ ನಡೆದುಕೊಳ್ಳುವ ರೀತಿ, ಆಟದ ನಡುವೆ ತಾನೇ ತೀರ್ಮಾನ ಮಾಡುವ ಧೈರ್ಯ ಇವೂ ಇದರಲ್ಲಿ ಸೇರುತ್ತವೆ. ಕರ್ನಾಟಕದಲ್ಲಿ ಈ ಕೆಲಸ ಮುಖ್ಯವಾಗಿ ಮೂರು ಕಡೆ ನಡೆಯುತ್ತದೆ: ನಗರಗಳ ಕ್ಲಬ್ಬುಗಳು, ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾ ಹಾಸ್ಟೆಲುಗಳು ಮತ್ತು ಶಾಲೆಗಳು. ಮೊದಲೆರಡು ಕಡೆ ಈ ಆಟಕ್ಕೆಂದೇ ಕೋಚ್ ಇರುತ್ತಾರೆ. ಶಾಲೆಗಳಲ್ಲಿ, ಅದರಲ್ಲೂ ಗುಂಡ್ಲುಪೇಟೆ, ಚಾಮರಾಜನಗರದಂಥ ತಾಲ್ಲೂಕುಗಳಲ್ಲಿ, ಕಬಡ್ಡಿಯಿಂದ ಹಿಡಿದು ಕವಾಯತಿನವರೆಗೆ ಎಲ್ಲವನ್ನೂ ನೋಡಿಕೊಳ್ಳುವ ದೈಹಿಕ ಶಿಕ್ಷಣ ಶಿಕ್ಷಕರೇ ಬಾಸ್ಕೆಟ್‌ಬಾಲ್ ಕೋಚ್ ಕೂಡ ಆಗಬೇಕಾಗುತ್ತದೆ.

ಹಿನ್ನೆಲೆ

ಬಾಸ್ಕೆಟ್‌ಬಾಲ್ ಹುಟ್ಟಿದ್ದೇ ಒಬ್ಬ ದೈಹಿಕ ಶಿಕ್ಷಣ ಶಿಕ್ಷಕನ ತರಗತಿಯಲ್ಲಿ. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನ ವೈಎಂಸಿಎ ತರಬೇತಿ ಶಾಲೆಯಲ್ಲಿದ್ದ ಜೇಮ್ಸ್ ನೈಸ್ಮಿತ್, ಚಳಿಗಾಲದಲ್ಲಿ ಒಳಾಂಗಣದ ವ್ಯಾಯಾಮದಿಂದ ಬೇಸತ್ತಿದ್ದ ಹದಿನೆಂಟು ವಿದ್ಯಾರ್ಥಿಗಳಿಗಾಗಿ ಹದಿಮೂರು ನಿಯಮಗಳ ಹೊಸ ಆಟವೊಂದನ್ನು ರೂಪಿಸಿದರು. ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಬಾಲ್ಕನಿಯ ಅಂಚಿಗೆ ಮೊಳೆ ಹೊಡೆದು ನಿಲ್ಲಿಸಿದರು. ಆ ಬಾಲ್ಕನಿ ಹತ್ತು ಅಡಿ ಎತ್ತರದಲ್ಲಿತ್ತು. ಇಂದಿಗೂ ರಿಂಗಿನ ಎತ್ತರ ಅಷ್ಟೇ, 3.05 ಮೀಟರ್.

ಆಟಕ್ಕೆ ಹೋಲಿಸಿದರೆ ಕೋಚಿಂಗ್ ಹೊಸದು. ನೈಸ್ಮಿತ್ 1898ರಲ್ಲಿ ಕ್ಯಾನ್ಸಸ್ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಅವರ ಬಳಿ ಆಡಿದ ಫಾಗ್ ಅಲೆನ್ ಮುಂದೆ ಕೋಚಿಂಗ್ ಅನ್ನು ಒಂದು ವೃತ್ತಿಯಾಗಿಸಿ, 1927ರಲ್ಲಿ ಅಮೆರಿಕದ ಕೋಚ್‌ಗಳ ಸಂಘವನ್ನು ಕಟ್ಟಿದರು. ಆದರೂ ಪಂದ್ಯದ ನಡುವೆ ಕೋಚ್ ಮಾತಾಡಬಹುದೇ ಎಂಬ ಪ್ರಶ್ನೆ ಬಹುಕಾಲ ಉಳಿಯಿತು. ಅಮೆರಿಕದ ಕಾಲೇಜು ಪಂದ್ಯಗಳಲ್ಲಿ ಟೈಮ್ ಔಟ್ ವೇಳೆ ಆಟಗಾರರೊಂದಿಗೆ ಮಾತಾಡಲು ಕೋಚ್‌ಗೆ ಅನುಮತಿ ಸಿಕ್ಕಿದ್ದು 1948-49ರ ಋತುವಿನಲ್ಲಿ. ಅಲ್ಲಿಯವರೆಗೆ ಅಭ್ಯಾಸದಲ್ಲಿ ಕಲಿಸಿದ್ದನ್ನು ಪಂದ್ಯದಲ್ಲಿ ಆಟಗಾರರೇ ಯೋಚಿಸಿ ಬಳಸಬೇಕಿತ್ತು.

ಮಕ್ಕಳಿಗಾಗಿಯೇ ಆಟವನ್ನು ಚಿಕ್ಕದು ಮಾಡುವ ಯೋಚನೆ 1950ರ ಸುಮಾರಿಗೆ ಬಂತು. ಪೆನ್ಸಿಲ್ವೇನಿಯದ ಸ್ಕ್ರಾಂಟನ್‌ನ ಜೇ ಆರ್ಚರ್ ಕಡಿಮೆ ಎತ್ತರದ ರಿಂಗ್, ಸಣ್ಣ ಚೆಂಡಿನ ‘ಬಿಡ್ಡಿ ಬಾಸ್ಕೆಟ್‌ಬಾಲ್’ ಆರಂಭಿಸಿದರು. ಸ್ಪೇನಿನ ಆನ್ಸೆಲ್ಮೊ ಲೋಪೆಜ್ 1960ರ ದಶಕದಲ್ಲಿ ಅದನ್ನು ‘ಮಿನಿ ಬಾಸ್ಕೆಟ್‌ಬಾಲ್’ ಎಂಬ ಹೆಸರಿನಲ್ಲಿ ಯುರೋಪಿಗೆ ಹರಡಿದರು. ಇಂದು ಅಂತರರಾಷ್ಟ್ರೀಯ ಒಕ್ಕೂಟವಾದ ಫಿಬಾ ಹನ್ನೆರಡರ ಆಸುಪಾಸಿನವರೆಗಿನ ಮಕ್ಕಳಿಗೆ ಇದೇ ರೂಪವನ್ನು ಶಿಫಾರಸು ಮಾಡುತ್ತದೆ.

ಭಾರತ ಮತ್ತು ಕರ್ನಾಟಕ

ಭಾರತದಲ್ಲಿ ಆಟ ಬೇರೂರಿದ್ದೂ ವೈಎಂಸಿಎ ಮೂಲಕವೇ. ಹ್ಯಾರಿ ಕ್ರೋ ಬಕ್ 1920ರಲ್ಲಿ ಮದ್ರಾಸಿನಲ್ಲಿ ಸ್ಥಾಪಿಸಿದ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜಿನಲ್ಲಿ ಕಲಿತ ಶಿಕ್ಷಕರು ದಕ್ಷಿಣದ ಶಾಲೆಗಳಿಗೆ ಈ ಆಟವನ್ನು ತಂದರು. ಮೊದಲ ರಾಷ್ಟ್ರೀಯ ಚಾಂಪಿಯನ್‌ಷಿಪ್ 1934ರಲ್ಲಿ ದೆಹಲಿಯಲ್ಲಿ ನಡೆಯಿತು. ಭಾರತೀಯ ಬಾಸ್ಕೆಟ್‌ಬಾಲ್ ಒಕ್ಕೂಟ 1950ರಲ್ಲಿ ರೂಪುಗೊಂಡಿತು. ಭಾರತದ ಪುರುಷರ ತಂಡ ಒಲಿಂಪಿಕ್ಸ್‌ನಲ್ಲಿ ಆಡಿದ್ದು ಒಮ್ಮೆ ಮಾತ್ರ, 1980ರಲ್ಲಿ ಮಾಸ್ಕೋದಲ್ಲಿ.

ಕರ್ನಾಟಕದಲ್ಲಿ ಬಾಸ್ಕೆಟ್‌ಬಾಲ್‌ನ ಕೇಂದ್ರ ಬೆಂಗಳೂರು. ಶ್ರೀ ಕಂಠೀರವ ಕ್ರೀಡಾಂಗಣದ ಆವರಣ ರಾಜ್ಯದ ಆಟದ ಹೃದಯಸ್ಥಾನ. ಬೀಗಲ್ಸ್, ದೇವಾಂಗ ಯೂನಿಯನ್, ಭಾರತ್ ಸ್ಪೋರ್ಟ್ಸ್ ಯೂನಿಯನ್ ಮೊದಲಾದ ಕ್ಲಬ್ಬುಗಳು ಬಡಾವಣೆಯ ಮಕ್ಕಳನ್ನು ಬೆಳಗ್ಗೆ ಸಂಜೆ ಕೋರ್ಟಿಗೆ ಸೆಳೆದು ಬೆಳೆಸಿವೆ. ಬೆಂಗಳೂರಿನ ವಿದ್ಯಾನಗರ ಹಾಗೂ ಮೈಸೂರಿನಲ್ಲಿರುವ ಕ್ರೀಡಾ ಇಲಾಖೆಯ ಹಾಸ್ಟೆಲುಗಳ ತಂಡಗಳು ರಾಜ್ಯ ಮಟ್ಟದ ಟೂರ್ನಿಗಳಲ್ಲಿ ಕಾಣಿಸಿಕೊಳ್ಳುತ್ತವೆ. ಹಳ್ಳಿಯ ಮಗುವೊಂದಕ್ಕೆ ಊಟ, ಓದು, ದಿನಕ್ಕೆರಡು ಹೊತ್ತಿನ ಅಭ್ಯಾಸ ಒಟ್ಟಿಗೆ ಸಿಗುವ ದಾರಿ ಇದು.

2017ರ ಜುಲೈನಲ್ಲಿ ಬೆಂಗಳೂರಿನಲ್ಲಿ ನಡೆದ ಫಿಬಾ ಮಹಿಳಾ ಏಷ್ಯಾ ಕಪ್‌ನಲ್ಲಿ ಭಾರತ ಬಿ ವಿಭಾಗದ ಫೈನಲ್‌ನಲ್ಲಿ ಕಜಕಸ್ತಾನವನ್ನು 75-73ರಿಂದ ಸೋಲಿಸಿ ಎ ವಿಭಾಗಕ್ಕೆ ಏರಿತು. ಅದೇ ವರ್ಷ ಹದಿನಾರರೊಳಗಿನ ಹುಡುಗಿಯರ ಏಷ್ಯನ್ ಚಾಂಪಿಯನ್‌ಷಿಪ್ ಕೂಡ ಬೆಂಗಳೂರಿನಲ್ಲೇ ನಡೆದು, ಭಾರತದ ಕಿರಿಯರೂ ಬಿ ವಿಭಾಗವನ್ನು ಗೆದ್ದರು. 2019ರಲ್ಲಿ ಮಹಿಳಾ ಏಷ್ಯಾ ಕಪ್ ಮತ್ತೆ ಇದೇ ನಗರಕ್ಕೆ ಬಂತು. ರಾಜ್ಯದ ಮಕ್ಕಳಿಗೆ ಏಷ್ಯಾ ಮಟ್ಟದ ಆಟವನ್ನು ಕಣ್ಣಾರೆ ನೋಡುವ ಅವಕಾಶ ಈ ಟೂರ್ನಿಗಳಿಂದ ಸಿಕ್ಕಿತು.

ವಯೋಮಿತಿಯ ಸ್ಪರ್ಧೆಗಳಲ್ಲಿ ಎರಡು ಸಾಲುಗಳಿವೆ. ಒಂದು ಬಾಸ್ಕೆಟ್‌ಬಾಲ್ ಸಂಸ್ಥೆಗಳ ಸಬ್ ಜೂನಿಯರ್, ಯೂತ್, ಜೂನಿಯರ್ ಹಂತಗಳದ್ದು. ಇನ್ನೊಂದು ಶಾಲಾ ಕ್ರೀಡಾಕೂಟಗಳ 14, 17, 19 ವರ್ಷದೊಳಗಿನ ವಿಭಾಗಗಳದ್ದು. ಶಾಲೆಯ ಹಾದಿ ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂಬ ಮೆಟ್ಟಿಲುಗಳಲ್ಲಿ ಸಾಗುತ್ತದೆ. ಚಾಮರಾಜನಗರ ಜಿಲ್ಲೆಯ ತಂಡ ಮೈಸೂರು ವಿಭಾಗದಲ್ಲಿ ಆಡುತ್ತದೆ.

ವಯಸ್ಸು ಮತ್ತು ಅಳತೆ

ದೊಡ್ಡವರ ಕೋರ್ಟ್ 28 ಮೀಟರ್ ಉದ್ದ, 15 ಮೀಟರ್ ಅಗಲ. ಮೂರು ಅಂಕದ ಗೆರೆ 6.75 ಮೀಟರ್ ದೂರ, ಫ್ರೀ ಥ್ರೋ ಗೆರೆ ಬೋರ್ಡಿನಿಂದ 4.6 ಮೀಟರ್ ದೂರ. ಹುಡುಗರ 7ನೇ ಸಂಖ್ಯೆಯ ಚೆಂಡು ಸುಮಾರು 600 ಗ್ರಾಂ, ಹುಡುಗಿಯರ 6ನೇ ಸಂಖ್ಯೆಯದು ಸುಮಾರು 530 ಗ್ರಾಂ ತೂಗುತ್ತದೆ. ಮಿನಿ ಬಾಸ್ಕೆಟ್‌ಬಾಲ್‌ನಲ್ಲಿ 5ನೇ ಸಂಖ್ಯೆಯ ಚೆಂಡು, 2.60 ಮೀಟರ್ ಎತ್ತರದ ರಿಂಗ್ ಬಳಕೆಯಲ್ಲಿವೆ.

ಈ ಅಳತೆಗಳನ್ನು ಕಡೆಗಣಿಸಿದರೆ ಮಗುವಿನ ಶೂಟಿಂಗ್ ಮೊದಲ ದಿನದಿಂದಲೇ ಕೆಡುತ್ತದೆ. ಹತ್ತು ವರ್ಷದ ಮಗುವಿಗೆ ದೊಡ್ಡ ಚೆಂಡು ಕೊಟ್ಟು ಹತ್ತಡಿ ಎತ್ತರದ ರಿಂಗಿಗೆ ಎಸೆಯಲು ಹೇಳಿದರೆ, ಅದು ಚೆಂಡನ್ನು ಸೊಂಟದ ಬಳಿಯಿಂದ ಎರಡೂ ಕೈಯಲ್ಲಿ ತೂಗಿ ಎಸೆಯುತ್ತದೆ. ಆ ಚಾಳಿ ಕೂತರೆ ಹದಿನೈದರಲ್ಲಿ ತಿದ್ದುವುದು ಕಷ್ಟ. ರಿಂಗ್ ಇಳಿಸಲು ಸಾಧ್ಯವಿಲ್ಲದ ಶಾಲೆಯಲ್ಲಿ ಗೋಡೆಯ ಮೇಲೆ ಸುಣ್ಣದಿಂದ ಚೌಕ ಬರೆದು ಗುರಿ ಇಡಿಸುವುದು, ಕಬ್ಬಿಣದ ಬಳೆಯೊಂದನ್ನು ಕಂಬಕ್ಕೆ ಎಂಟಡಿ ಎತ್ತರದಲ್ಲಿ ಕಟ್ಟುವುದು ಸುಲಭದ ಉಪಾಯಗಳು.

ಬೆಳವಣಿಗೆಯ ವೇಗ ಒಬ್ಬೊಬ್ಬರದು ಒಂದೊಂದು. ಎತ್ತರ ಅತಿ ವೇಗವಾಗಿ ಏರುವುದು ಹುಡುಗಿಯರಲ್ಲಿ ಸರಾಸರಿ ಹನ್ನೆರಡರ, ಹುಡುಗರಲ್ಲಿ ಹದಿನಾಲ್ಕರ ಸುಮಾರಿಗೆ. ಬೇಗ ಬೆಳೆದ ಹುಡುಗನನ್ನು ರಿಂಗಿನ ಕೆಳಗೆ ನಿಲ್ಲಿಸಿಬಿಟ್ಟರೆ ಆ ವರ್ಷ ತಂಡ ಗೆಲ್ಲಬಹುದು. ಉಳಿದವರು ಮುಂದೆ ಅವನಷ್ಟೇ ಎತ್ತರ ಬೆಳೆದಾಗ, ಡ್ರಿಬ್ಲಿಂಗ್ ಗೊತ್ತಿಲ್ಲದ ಅವನಿಗೆ ಆಡಲು ಜಾಗವೇ ಇರುವುದಿಲ್ಲ. ಹದಿನಾಲ್ಕರವರೆಗೆ ಎಲ್ಲರೂ ಎಲ್ಲ ಸ್ಥಾನಗಳಲ್ಲೂ ಆಡಬೇಕು ಎಂಬುದು ಇಂದು ಬಹುಪಾಲು ತರಬೇತಿ ಕೈಪಿಡಿಗಳ ಒಮ್ಮತ. ಜನ್ಮದಿನಾಂಕ ತಿದ್ದಿ ದೊಡ್ಡವರನ್ನು ಕಿರಿಯರ ವಿಭಾಗದಲ್ಲಿ ಆಡಿಸುವ ಪಿಡುಗು ಭಾರತದ ಹಲವು ಆಟಗಳಲ್ಲಿ ಇದೆ. ಇದರಿಂದ ಮೊದಲು ಆಟ ಬಿಡುವವರು ತಡವಾಗಿ ಬೆಳೆಯುವ ಮಕ್ಕಳು.

ಅಭ್ಯಾಸದ ಕ್ರಮ

ಹನ್ನೆರಡರೊಳಗಿನವರಿಗೆ ಒಂದು ಗಂಟೆ, ಮೇಲಿನವರಿಗೆ ಒಂದೂವರೆ ಗಂಟೆಯ ಅಭ್ಯಾಸ ಸಾಕು. ಒಂದೂವರೆ ಗಂಟೆಯನ್ನು ಸಾಮಾನ್ಯವಾಗಿ ಹೀಗೆ ಹಂಚುತ್ತಾರೆ: ಹತ್ತು ನಿಮಿಷ ಮೈ ಬೆಚ್ಚಗಾಗುವ ಓಟ, ಜಿಗಿತ, ಹದಿನೈದು ನಿಮಿಷ ಚೆಂಡಿನ ಹಿಡಿತ, ಇಪ್ಪತ್ತು ನಿಮಿಷ ಲೇ-ಅಪ್ (ರಿಂಗಿನ ಬಳಿಗೆ ಓಡಿ ಬಂದು ಚೆಂಡು ಹಾಕುವುದು) ಮತ್ತು ಶೂಟಿಂಗ್, ಹದಿನೈದು ನಿಮಿಷ ರಕ್ಷಣೆ, ಇಪ್ಪತ್ತೈದು ನಿಮಿಷ ಸಣ್ಣ ತಂಡಗಳ ಆಟ, ಕೊನೆಗೆ ಐದು ನಿಮಿಷ ಮೈ ಸಡಿಲಿಸುವುದು. ನೀರು ಕುಡಿಯುವ ಬಿಡುವನ್ನು ಇದರೊಳಗೇ ಸೇರಿಸಬೇಕು.

ಶಾಲೆಯ ಪೀರಿಯಡ್ ಇದಕ್ಕಿಂತ ಚಿಕ್ಕದು. ನಲವತ್ತು ನಿಮಿಷ, ನಲವತ್ತು ಮಕ್ಕಳು, ನಾಲ್ಕೈದು ಚೆಂಡು. ಇಂಥಲ್ಲಿ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರಿಂದ ಲೇ-ಅಪ್ ಮಾಡಿಸಿದರೆ ಒಂದು ಮಗುವಿನ ಕೈಗೆ ಚೆಂಡು ಬರುವುದು ಎರಡೋ ಮೂರೋ ಸಲ ಮಾತ್ರ. ಅದರ ಬದಲು ಮಕ್ಕಳನ್ನು ನಾಲ್ಕು ಗುಂಪು ಮಾಡಬೇಕು. ಒಂದು ಗುಂಪು ರಿಂಗಿನ ಕೆಳಗೆ, ಇನ್ನೊಂದು ಗೋಡೆಯ ಬಳಿ ಪಾಸ್, ಮತ್ತೊಂದು ಚೆಂಡಿಲ್ಲದೆ ರಕ್ಷಣೆಯ ಕಾಲುಕೆಲಸ, ನಾಲ್ಕನೆಯದು ವಾಲಿಬಾಲ್ ಹಿಡಿದಾದರೂ ಡ್ರಿಬ್ಲಿಂಗ್. ಎಂಟು ನಿಮಿಷಕ್ಕೊಮ್ಮೆ ಸೀಟಿ ಊದಿ ಜಾಗ ಬದಲಿಸಿದರೆ ಯಾರೂ ಸುಮ್ಮನೆ ನಿಲ್ಲುವುದಿಲ್ಲ.

ಐವರ ವಿರುದ್ಧ ಐವರ ಆಟಕ್ಕಿಂತ ಇಬ್ಬರ ವಿರುದ್ಧ ಒಬ್ಬ, ಮೂವರ ವಿರುದ್ಧ ಇಬ್ಬರು, ಮೂವರ ವಿರುದ್ಧ ಮೂವರ ಆಟಗಳು ಕಲಿಕೆಗೆ ಒಳ್ಳೆಯವು. ಚೆಂಡು ಕೈಗೆ ಬರುವುದು ಹೆಚ್ಚುತ್ತದೆ, ಪಾಸ್ ಕೊಡಬೇಕೋ ತಾನೇ ನುಗ್ಗಬೇಕೋ ಎಂದು ಮಗು ಪ್ರತಿ ಸಲವೂ ನಿರ್ಧರಿಸಬೇಕಾಗುತ್ತದೆ. ಆಟಕ್ಕೊಂದು ಸಣ್ಣ ಕಟ್ಟುಪಾಡು ಹಾಕಿದರೆ ಕೋಚ್ ಬಾಯಿಮಾತಿನಲ್ಲಿ ಹೇಳಬೇಕಾದ್ದು ತಾನಾಗಿ ತಿಳಿಯುತ್ತದೆ. ‘ಡ್ರಿಬಲ್ ಮಾಡುವ ಹಾಗಿಲ್ಲ’ ಎಂದರೆ ಉಳಿದವರು ಖಾಲಿ ಜಾಗಕ್ಕೆ ಓಡಲು ಕಲಿಯುತ್ತಾರೆ. ‘ಎಡಗೈ ಲೇ-ಅಪ್‌ಗೆ ಮೂರು ಅಂಕ’ ಎಂದರೆ ಎಡಗೈ ಹೇಳಿಸಿಕೊಳ್ಳದೆ ಏಳುತ್ತದೆ.

ಕೋಚ್ ಎಷ್ಟು ಮತ್ತು ಏನು ಮಾತಾಡಬೇಕು ಎಂಬ ಬಗ್ಗೆ ಪ್ರಸಿದ್ಧವಾದ ಅಧ್ಯಯನವೊಂದಿದೆ. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ತಂಡಕ್ಕೆ ಹತ್ತು ರಾಷ್ಟ್ರೀಯ ಪ್ರಶಸ್ತಿ ತಂದ ಜಾನ್ ವುಡನ್‌ರ ಅಭ್ಯಾಸಗಳನ್ನು 1974-75ರಲ್ಲಿ ರೋಲಂಡ್ ಥಾರ್ಪ್ ಮತ್ತು ರೊನಾಲ್ಡ್ ಗ್ಯಾಲಿಮೋರ್ ಎಂಬ ಮನಶ್ಶಾಸ್ತ್ರಜ್ಞರು ಕೂತು ನೋಡಿ, ಅವರ 2,326 ಬೋಧನಾ ಕ್ರಿಯೆಗಳನ್ನು ದಾಖಲಿಸಿದರು. ಅದರಲ್ಲಿ ಸುಮಾರು ಮುಕ್ಕಾಲು ಪಾಲು ಏನು ಮಾಡಬೇಕು, ಹೇಗೆ ಮಾಡಬೇಕು ಎಂಬ ನೇರ ಮಾಹಿತಿ. ಬರೀ ಹೊಗಳಿಕೆ, ಬರೀ ಬೈಗುಳ ಎರಡೂ ಶೇಕಡ ಏಳರ ಆಸುಪಾಸಿನಲ್ಲಿದ್ದವು. ‘ಏನೋ ಮಾಡ್ತಿದ್ದೀಯ?’ ಎಂದು ಕೂಗುವುದಕ್ಕಿಂತ ‘ಮಂಡಿ ಬಗ್ಗಿಸು, ತಲೆ ಎತ್ತು’ ಎನ್ನುವುದರಲ್ಲಿ ಪಾಠವಿದೆ ಎಂಬುದು ಇದರ ಸಾರ.

ಮೂಲ ಕೌಶಲಗಳು

ಮೊದಲ ಪಾಠ ನಿಲ್ಲುವುದು. ಓಡುತ್ತ ಬಂದು ಎರಡೂ ಕಾಲಲ್ಲಿ ಒಟ್ಟಿಗೆ ನಿಂತು, ಒಂದು ಕಾಲನ್ನು ನೆಲಕ್ಕೆ ಊರಿ ಇನ್ನೊಂದನ್ನು ತಿರುಗಿಸುವುದು ಬಂದರೆ ‘ಟ್ರಾವೆಲಿಂಗ್’ ಎಂಬ ತಪ್ಪು ಅರ್ಧಕ್ಕರ್ಧ ತಗ್ಗುತ್ತದೆ. ಡ್ರಿಬ್ಲಿಂಗ್‌ನಲ್ಲಿ ಅಂಗೈ ಬಡಿಯಬಾರದು, ಬೆರಳುಗಳು ಚೆಂಡನ್ನು ಒತ್ತಬೇಕು. ಕಣ್ಣು ಚೆಂಡಿನ ಮೇಲಿರಬಾರದು. ಇದಕ್ಕೆ ಕೋಚ್ ಎದುರು ನಿಂತು ಬೆರಳೆತ್ತಿ ತೋರಿಸಿ, ಡ್ರಿಬಲ್ ಮಾಡುತ್ತಲೇ ಎಷ್ಟು ಬೆರಳು ಎಂದು ಹೇಳಿಸುವುದು ಎಲ್ಲೆಡೆ ಚಾಲ್ತಿಯಲ್ಲಿರುವ ಆಟ. ಎದೆಯಿಂದ ಕೊಡುವ ಪಾಸ್, ನೆಲಕ್ಕೆ ಪುಟಿಸಿ ಕೊಡುವ ಪಾಸ್, ತಲೆ ಮೇಲಿನಿಂದ ಕೊಡುವ ಪಾಸ್ ಮೂರನ್ನೂ ಚಲಿಸುತ್ತಲೇ ಕಲಿಸಬೇಕು.

ಶೂಟಿಂಗ್‌ನಲ್ಲಿ ಮುಖ್ಯವಾದವು ನಾಲ್ಕು: ಪಾದಗಳ ಸಮತೋಲ, ರಿಂಗಿನ ಮೇಲೆ ದೃಷ್ಟಿ, ಚೆಂಡಿನ ನೇರ ಕೆಳಗಿರುವ ಮೊಣಕೈ, ಬಿಟ್ಟ ಮೇಲೂ ಮುಂದಕ್ಕೆ ಬಾಗಿ ನಿಲ್ಲುವ ಮಣಿಕಟ್ಟು. ರಿಂಗಿನಿಂದ ಒಂದು ಮೀಟರ್ ದೂರದಲ್ಲಿ ಒಂದೇ ಕೈಯಲ್ಲಿ ಆರಂಭಿಸಿ, ಸತತವಾಗಿ ಬೀಳತೊಡಗಿದ ಮೇಲೆ ಒಂದೊಂದೇ ಹೆಜ್ಜೆ ಹಿಂದೆ ಸರಿಸುವುದು ಸರಿಯಾದ ಕ್ರಮ. ಟಿ.ವಿ., ಮೊಬೈಲುಗಳಲ್ಲಿ ಸ್ಟೀಫನ್ ಕರಿಯ ಆಟ ನೋಡಿದ ಮಕ್ಕಳು ಮೂರು ಅಂಕದ ಗೆರೆಯಿಂದಲೇ ಶುರು ಮಾಡಲು ಹಂಬಲಿಸುತ್ತಾರೆ. ದೂರ ಹೆಚ್ಚಾದಷ್ಟೂ ಕೈಯ ಕ್ರಮ ಕೆಡುತ್ತದೆ ಎಂಬುದನ್ನು ಮಾಡಿ ತೋರಿಸಿಯೇ ಒಪ್ಪಿಸಬೇಕು.

ರಕ್ಷಣೆಯಲ್ಲಿ ಕಿರಿಯರಿಗೆ ಒಬ್ಬೊಬ್ಬ ಎದುರಾಳಿಯನ್ನು ಒಬ್ಬೊಬ್ಬರು ಕಾಯುವ ಮ್ಯಾನ್ ಟು ಮ್ಯಾನ್ ಕಲಿಸಬೇಕು, ಜೋನ್ ಬೇಡ ಎಂಬುದು ವ್ಯಾಪಕ ಅಭಿಪ್ರಾಯ. ಐವರನ್ನೂ ರಿಂಗಿನ ಸುತ್ತ ನಿಲ್ಲಿಸುವ ಜೋನ್ ಎಳೆಯರ ಪಂದ್ಯಗಳನ್ನು ಗೆಲ್ಲಿಸುತ್ತದೆ, ಏಕೆಂದರೆ ಆ ವಯಸ್ಸಿನವರಿಗೆ ದೂರದಿಂದ ಶೂಟ್ ಮಾಡುವ ಶಕ್ತಿಯಿಲ್ಲ. ಗೆದ್ದರೂ ಎದುರಾಳಿಯ ಮುಂದೆ ಬಾಗಿ ನಿಂತು ಕಾಲು ಸರಿಸುವುದನ್ನು, ಚೆಂಡಿನ ಕಡೆ ಒಂದು ಕಣ್ಣು, ತನ್ನ ಆಟಗಾರನ ಕಡೆ ಒಂದು ಕಣ್ಣು ಇಡುವುದನ್ನು, ಗೆಳೆಯ ಸೋತಾಗ ನೆರವಿಗೆ ಧಾವಿಸುವುದನ್ನು ಅವರು ಕಲಿತಿರುವುದಿಲ್ಲ. ರಿಬೌಂಡ್‌ನಲ್ಲೂ ಜಿಗಿತಕ್ಕಿಂತ ಮೊದಲು ಬರುವುದು ಬೆನ್ನು ಕೊಟ್ಟು ಎದುರಾಳಿಯನ್ನು ಹಿಂದೆ ತಡೆಯುವುದು.

ಕನ್ನಡದ ಶಾಲೆಗಳಲ್ಲಿ ರಕ್ಷಣೆ ಕಲಿಸುವುದಕ್ಕೊಂದು ವಿಶೇಷ ತೊಡಕಿದೆ. ರಕ್ಷಣೆ ಎಂದರೆ ಮಾತಾಡುವುದು, ‘ಚೆಂಡು ನನ್ನದು’, ‘ಹಿಂದೆ ಬಂದ’, ‘ಹೆಲ್ಪ್’ ಎಂದು ಕೂಗಿ ಹೇಳುವುದು. ಮೇಷ್ಟ್ರ ಮುಂದೆ ದನಿ ಎತ್ತಬಾರದು, ಹಿರಿಯರಿಗೆ ಹೀಗೆ ಮಾಡು ಎನ್ನಬಾರದು ಎಂದು ಬೆಳೆದ ಮಕ್ಕಳು, ಹುಡುಗಿಯರಂತೂ ಹೆಚ್ಚಾಗಿ, ಕೋರ್ಟಿನಲ್ಲಿ ಮೌನವಾಗಿರುತ್ತಾರೆ. ಎಂಟನೆಯ ತರಗತಿಯವಳು ಹತ್ತನೆಯ ತರಗತಿಯ ಅಕ್ಕನಿಗೆ ಕೂಗಿ ಹೇಳುವ ಸಲುಗೆಯನ್ನು ಅಭ್ಯಾಸದಲ್ಲೇ ಬೆಳೆಸಬೇಕು. ಮಾತಾಡದ ಗುಂಪಿಗೆ ಅಂಕವಿಲ್ಲ ಎಂಬ ಕಟ್ಟುಪಾಡು ಇಲ್ಲಿ ಕೆಲಸಕ್ಕೆ ಬರುತ್ತದೆ.

ಪಂದ್ಯದ ದಿನ

ಫಿಬಾ ನಿಯಮದಂತೆ ಹತ್ತು ನಿಮಿಷಗಳ ನಾಲ್ಕು ಅವಧಿಗಳು. ದಾಳಿಗೆ 24 ಸೆಕೆಂಡ್, ತನ್ನ ಅರ್ಧವನ್ನು ದಾಟಲು 8 ಸೆಕೆಂಡ್. ಒಬ್ಬರಿಗೆ ಐದು ಫೌಲ್ ಆದರೆ ಹೊರಗೆ. ಒಂದು ಅವಧಿಯಲ್ಲಿ ತಂಡದ ಫೌಲ್ ನಾಲ್ಕು ದಾಟಿದರೆ ಎದುರಾಳಿಗೆ ಎರಡು ಫ್ರೀ ಥ್ರೋ. ಶಾಲಾ ಕೂಟಗಳಲ್ಲಿ ಸಮಯ ಸಾಲದೆ ಅವಧಿಗಳನ್ನು ಚಿಕ್ಕದು ಮಾಡುವುದುಂಟು. ಇದನ್ನು ಕೋಚ್ ಮೊದಲೇ ಕೇಳಿ ತಿಳಿದಿರಬೇಕು.

ಟೈಮ್ ಔಟ್ ಮೊದಲ ಅರ್ಧದಲ್ಲಿ ಎರಡು, ಎರಡನೆಯ ಅರ್ಧದಲ್ಲಿ ಮೂರು. ಒಂದೊಂದೂ ಒಂದು ನಿಮಿಷ. ಅದನ್ನು ಕೇಳುವ ಹಕ್ಕು ಮುಖ್ಯ ಕೋಚ್ ಅಥವಾ ಮೊದಲ ಸಹಾಯಕ ಕೋಚ್‌ಗೆ ಮಾತ್ರ. ಆ ಅರವತ್ತು ಸೆಕೆಂಡಿನಲ್ಲಿ ಮಕ್ಕಳು ಬಂದು ಕೂತು ನೀರು ಕುಡಿಯುವುದಕ್ಕೇ ಇಪ್ಪತ್ತು ಹೋಗುತ್ತದೆ. ಉಳಿದ ಹೊತ್ತಿನಲ್ಲಿ ದಾಳಿಯ ಬಗ್ಗೆ ಒಂದು ಮಾತು, ರಕ್ಷಣೆಯ ಬಗ್ಗೆ ಒಂದು ಮಾತು. ಮೂರನೆಯದು ಯಾರ ತಲೆಗೂ ಹೋಗುವುದಿಲ್ಲ. ಕೋಚ್ ಹೇಳುವ ಮೊದಲು ‘ಅಲ್ಲಿ ಏನಾಗ್ತಿದೆ?’ ಎಂದು ಮಕ್ಕಳನ್ನೇ ಕೇಳಿದರೆ ಹಲವು ಸಲ ಉತ್ತರ ಅವರಲ್ಲೇ ಇರುತ್ತದೆ.

ಬದಿಯಲ್ಲಿ ನಿಂತು ಪ್ರತಿ ಹೆಜ್ಜೆಗೂ ‘ಪಾಸ್ ಕೊಡು’, ‘ಹೊಡಿ’, ‘ಬಲಕ್ಕೆ’ ಎಂದು ಕೂಗುವುದು ಎಳೆಯರ ಪಂದ್ಯಗಳಲ್ಲಿ ಅತಿ ಸಾಮಾನ್ಯ. ಚೆಂಡು ಹಿಡಿದ ಮಗು ಆಗ ಎದುರಾಳಿಯನ್ನು ಬಿಟ್ಟು ಬೆಂಚಿನ ಕಡೆ ನೋಡುತ್ತದೆ, ಅಷ್ಟರಲ್ಲಿ ಚೆಂಡು ಹೋಗಿರುತ್ತದೆ. ಪಂದ್ಯದ ವೇಳೆ ಕೋಚ್‌ನ ನಿಜವಾದ ಕೆಲಸಗಳು ಬೇರೆ: ಯಾರು ದಣಿದಿದ್ದಾರೆ, ಯಾರಿಗೆ ಮೂರು ಫೌಲ್ ಆಗಿದೆ, ಬೆಂಚಿನಲ್ಲಿ ಇನ್ನೂ ಆಡದವರು ಯಾರು ಎಂದು ಲೆಕ್ಕ ಇಡುವುದು. ಮಗುವನ್ನು ಹೊರಗೆ ಕರೆದಾಗ ಪಕ್ಕದಲ್ಲಿ ಕೂರಿಸಿಕೊಂಡು ಏಕೆ ಕರೆದೆ ಎಂದು ಒಂದು ವಾಕ್ಯದಲ್ಲಿ ಹೇಳುವುದು ಸಭ್ಯತೆಯೂ ಹೌದು, ಪಾಠವೂ ಹೌದು. ಒಂದು ತಪ್ಪಿಗೇ ಹೊರಗೆ ಕರೆದರೆ ಮುಂದಿನ ಸಲ ಆ ಮಗು ಚೆಂಡು ಮುಟ್ಟಲೇ ಹೆದರುತ್ತದೆ.

ರೆಫರಿಯೊಂದಿಗೆ ಜಗಳವಾಡುವ ಕೋಚ್‌ಗೆ ಟೆಕ್ನಿಕಲ್ ಫೌಲ್ ಬೀಳುತ್ತದೆ. ತನ್ನ ನಡತೆಗಾಗಿಯೇ ಅಂಥ ಎರಡು ಫೌಲ್ ಪಡೆದವರು ಅಂಗಳ ಬಿಡಬೇಕು. ಮಕ್ಕಳ ಪಂದ್ಯದಲ್ಲಿ ಇದರ ನಷ್ಟ ಅಂಕಗಳದ್ದಷ್ಟೇ ಅಲ್ಲ, ಮರುದಿನ ಅಭ್ಯಾಸದಲ್ಲಿ ಮಕ್ಕಳೂ ಅದೇ ಧಾಟಿಯಲ್ಲಿ ಜಗಳವಾಡುತ್ತಾರೆ.

ಇದೇ ಆಟದ ಕಿರಿಯ ರೂಪವಾದ 3x3ರಲ್ಲಿ ಕೋಚ್ ಪಂದ್ಯದ ವೇಳೆ ಸೂಚನೆ ಕೊಡುವಂತೆಯೇ ಇಲ್ಲ. ಒಂದೇ ರಿಂಗ್, 15 ಮೀಟರ್ ಅಗಲ, 11 ಮೀಟರ್ ಉದ್ದದ ಅಂಗಳ, 12 ಸೆಕೆಂಡಿನ ದಾಳಿ, ಹತ್ತು ನಿಮಿಷ ಅಥವಾ 21 ಅಂಕ. ಟೋಕಿಯೊ ಒಲಿಂಪಿಕ್ಸ್‌ನಿಂದ ಇದೂ ಒಲಿಂಪಿಕ್ ಸ್ಪರ್ಧೆ. ಅದರ ಅರ್ಹತಾ ಟೂರ್ನಿಯೊಂದು 2020ರ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ನಡೆಯಬೇಕಿತ್ತು. ಕೋವಿಡ್‌ನಿಂದ ಮುಂದೂಡಿ, ಕೊನೆಗೆ ಆಸ್ಟ್ರಿಯಕ್ಕೆ ಸ್ಥಳಾಂತರಿಸಲಾಯಿತು. ಒಂದೇ ಕಂಬವಿರುವ ಶಾಲೆಗಳಿಗೆ, ಐದು ಮಂದಿ ಕೂಡದ ಊರುಗಳಿಗೆ 3x3 ಹೇಳಿ ಮಾಡಿಸಿದ ಆಟ.

ಆರೋಗ್ಯ ಮತ್ತು ಸುರಕ್ಷತೆ

ಈ ಆಟದಲ್ಲಿ ಹೆಚ್ಚಾಗಿ ಕಾಣುವ ಪೆಟ್ಟು ಕಾಲಿನ ಗಿಣ್ಣು ಉಳುಕುವುದು. ವೇಗವಾಗಿ ಬೆಳೆಯುವ ಹದಿಹರೆಯದಲ್ಲಿ ಮಂಡಿಚಿಪ್ಪಿನ ಕೆಳಗೆ ನೋವು, ಊತ ಬರುವುದೂ ಸಾಮಾನ್ಯ. ಜಿಗಿತ ಕಡಿಮೆ ಮಾಡಿ ವಿಶ್ರಾಂತಿ ಕೊಟ್ಟರೆ ಬಹುಪಾಲು ತಾನಾಗಿ ಇಳಿಯುತ್ತದೆ. ಮಂಡಿಯೊಳಗಿನ ಎಸಿಎಲ್ ಎಂಬ ಕಟ್ಟು ಹರಿಯುವುದು ಹುಡುಗರಿಗಿಂತ ಹುಡುಗಿಯರಲ್ಲಿ ಹೆಚ್ಚು. ಜಿಗಿದು ಮೃದುವಾಗಿ, ಮಂಡಿ ಒಳಕ್ಕೆ ವಾಲದಂತೆ ಇಳಿಯುವುದನ್ನು ಪ್ರತಿ ದಿನ ಹತ್ತು ನಿಮಿಷ ಅಭ್ಯಾಸ ಮಾಡಿಸಿದರೆ ಈ ಅಪಾಯ ತಗ್ಗುತ್ತದೆ. ತಲೆಗೆ ಪೆಟ್ಟಾಗಿ ಮಂಕಾದವರನ್ನು ಅದೇ ದಿನ ಮತ್ತೆ ಆಡಿಸಬಾರದು.

ಸರ್ಕಾರಿ ಶಾಲೆಗಳಲ್ಲಿ ಕೊಡುವ ಕಪ್ಪು ಶೂ ತರಗತಿಗೆ ಸರಿ, ಸಿಮೆಂಟ್ ನೆಲದ ಮೇಲೆ ಥಟ್ಟನೆ ನಿಲ್ಲಲು ಜಾರುತ್ತದೆ. ಬರಿಗಾಲಿನಲ್ಲಿ ಆಡಿಸಿದರೆ ಬಿಸಿಲಿಗೆ ಅಂಗಾಲು ಸುಡುತ್ತದೆ. ಕ್ಯಾನ್ವಾಸ್ ಶೂಗಳನ್ನು ಶಾಲೆಯಲ್ಲೇ ಇಟ್ಟು ಹಂಚಿಕೊಳ್ಳುವುದು ಒಂದು ದಾರಿ. ರಿಂಗಿನ ಕಂಬ ಗೆರೆಯಿಂದ ಕನಿಷ್ಠ ಎರಡು ಮೀಟರ್ ಹೊರಗಿರಬೇಕು, ಅದಕ್ಕೆ ಮೆತ್ತನೆಯ ಹೊದಿಕೆ ಇರಬೇಕು. ಗೆರೆಯ ಮೇಲೇ ಕಂಬ ನೆಟ್ಟಿರುವ ಶಾಲೆಗಳಲ್ಲಿ ಹಳೆಯ ಟೈರ್ ಅಥವಾ ಗೋಣಿಚೀಲ ಸುತ್ತುವುದಾದರೂ ಆಗಬೇಕು.

ಮಕ್ಕಳ ಮೈಮುಟ್ಟಿ ತಿದ್ದುವಾಗ ಮೊದಲು ಕೇಳುವುದು, ಮಗುವೊಂದನ್ನೇ ಕೋಣೆಗೆ ಕರೆಯದಿರುವುದು, ಹೊರ ಊರಿನ ಟೂರ್ನಿಗೆ ಹೋಗುವಾಗ ಹುಡುಗಿಯರ ತಂಡದೊಂದಿಗೆ ಶಿಕ್ಷಕಿಯೊಬ್ಬರು ಇರುವುದು ಕಡ್ಡಾಯವಾಗಿ ಪಾಲಿಸಬೇಕಾದ ನಡವಳಿಕೆಗಳು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ 2012ರ ಪೋಕ್ಸೊ ಕಾಯ್ದೆ ಆಟದ ಅಂಗಳಕ್ಕೂ ಅನ್ವಯಿಸುತ್ತದೆ.

ಗುಂಡ್ಲುಪೇಟೆ – ಚಾಮರಾಜನಗರ ಪ್ರದೇಶ

1997ರಲ್ಲಿ ಮೈಸೂರಿನಿಂದ ಬೇರ್ಪಟ್ಟ ಚಾಮರಾಜನಗರ ಜಿಲ್ಲೆಯಲ್ಲಿ ಎಳೆಯರ ಮೈದಾನವನ್ನು ಆಳುವುದು ಕಬಡ್ಡಿ, ಖೋ-ಖೋ, ವಾಲಿಬಾಲ್, ಥ್ರೋಬಾಲ್. ಬಾಸ್ಕೆಟ್‌ಬಾಲ್‌ಗೆ ಗಟ್ಟಿ ನೆಲ ಬೇಕು. ಮಣ್ಣಿನಲ್ಲಿ ಚೆಂಡು ಪುಟಿಯುವುದಿಲ್ಲ, ಮಳೆ ಬಿದ್ದರೆ ಆಟವೇ ನಿಲ್ಲುತ್ತದೆ. ಆದ್ದರಿಂದ ಇಲ್ಲಿ ಈ ಆಟ ಸಿಮೆಂಟ್ ಅಂಗಳವಿರುವ ಕೆಲವೇ ಶಾಲೆ ಕಾಲೇಜುಗಳಿಗೆ, ಜಿಲ್ಲಾ ಕೇಂದ್ರಕ್ಕೆ ಸೀಮಿತ.

ಬೇರೆ ಆಟಗಳೇ ಮೈದಾನ ಆಳುವುದರ ಇನ್ನೊಂದು ಮಗ್ಗುಲು ಲಾಭದ್ದು. ಖೋ-ಖೋ ಆಡಿದ ಹುಡುಗಿಗೆ ಓಡುತ್ತಲೇ ದಿಕ್ಕು ಬದಲಿಸುವುದು ಕಲಿಸಬೇಕಿಲ್ಲ. ಕಬಡ್ಡಿಯ ಹುಡುಗನಿಗೆ ಬಾಗಿ ನಿಂತು ಪಕ್ಕಕ್ಕೆ ಸರಿಯುವುದು, ಅಕ್ಕಪಕ್ಕದವರೊಂದಿಗೆ ಹೊಂದಿಕೊಂಡು ಮುತ್ತುವುದು ಗೊತ್ತು. ಥ್ರೋಬಾಲ್ ಆಡಿದವರ ಕೈಯಿಂದ ಚೆಂಡು ಜಾರುವುದಿಲ್ಲ. ಇವರಿಗೆ ಹೊಸದಾಗಿ ಕಲಿಸಬೇಕಾದ್ದು ಡ್ರಿಬ್ಲಿಂಗ್, ಶೂಟಿಂಗ್ ಮತ್ತು ಮೈತಾಕದ ರಕ್ಷಣೆ. ಕಬಡ್ಡಿಯಿಂದ ಬಂದವರು ಮೊದಲ ವಾರಗಳಲ್ಲಿ ಫೌಲ್ ಮೇಲೆ ಫೌಲ್ ಮಾಡುವುದು ಸಹಜ. ಹಳ್ಳಿಯ ಶಾಲೆಯಿಂದ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಪಕ್ಕದ ಮೈಸೂರು ಜಿಲ್ಲೆಯಲ್ಲೇ ನಿದರ್ಶನವಿದೆ: 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ-ಖೋ ವಿಶ್ವಕಪ್ ಗೆದ್ದ ಭಾರತ ಮಹಿಳಾ ತಂಡದ ಬಿ. ಚೈತ್ರಾ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನವರು.

ಗುಂಡ್ಲುಪೇಟೆ ತಾಲ್ಲೂಕಿನ ದಕ್ಷಿಣ ಅಂಚಿನಲ್ಲಿ ಬಂಡೀಪುರದ ಕಾಡೊಳಗೆ 1,454 ಮೀಟರ್ ಎತ್ತರದ ಹಿಮವದ್ ಗೋಪಾಲಸ್ವಾಮಿ ಬೆಟ್ಟವಿದೆ. ಹಂಗಳ, ಗೋಪಾಲಪುರ, ಹುಂಡೀಪುರದಂಥ ಬೆಟ್ಟದ ತಪ್ಪಲಿನ ಊರುಗಳ ಮಕ್ಕಳಿಗೆ ಅಭ್ಯಾಸದ ವೇಳೆಯನ್ನು ಗೊತ್ತುಮಾಡುವುದು ಕೋಚ್ ಅಲ್ಲ, ಕಾಡು ಮತ್ತು ಬಸ್ಸು. ಸಂಜೆಯಾದರೆ ಕಾಡಂಚಿನ ಹೊಲಗಳಿಗೆ ಆನೆಗಳು ಇಳಿಯುತ್ತವೆ, ಹುಲಿಯ ಭಯವೂ ಉಂಟು. ನಗರದ ಕ್ಲಬ್ಬಿನಂತೆ ದೀಪದ ಬೆಳಕಿನಲ್ಲಿ ಏಳರವರೆಗೆ ಆಡಿಸಲಾಗದು. ಬೆಳಗಿನ ಪ್ರಾರ್ಥನೆಗೆ ಮೊದಲಿನ ಮುಕ್ಕಾಲು ಗಂಟೆ ಮತ್ತು ಶನಿವಾರದ ಅರ್ಧ ದಿನ ಇಲ್ಲಿ ಹೆಚ್ಚು ಭರವಸೆಯ ಹೊತ್ತು.

ದಮ್ಮು ಹೆಚ್ಚಿಸಲು ಮಕ್ಕಳನ್ನು ಬೆಟ್ಟ ಹತ್ತಿಸುವ ರೂಢಿ ಮೈಸೂರಿನ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲುಗಳಲ್ಲಿ ಇದೆ. ಗೋಪಾಲಸ್ವಾಮಿ ಬೆಟ್ಟದಲ್ಲಿ ಅದಕ್ಕೆ ಅವಕಾಶವಿಲ್ಲ. ಅದು ಹುಲಿ ಸಂರಕ್ಷಿತ ಪ್ರದೇಶವಾದ್ದರಿಂದ ಖಾಸಗಿ ವಾಹನಗಳನ್ನೂ ತಪ್ಪಲಿನಲ್ಲೇ ತಡೆದು, ಜನರನ್ನು ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಮೇಲಕ್ಕೆ ಕಳಿಸುತ್ತಾರೆ. ಬಾಸ್ಕೆಟ್‌ಬಾಲ್‌ಗೆ ಬೇಕಾದ ದಮ್ಮು ಅಂಥದ್ದಲ್ಲವಾದ್ದರಿಂದ ನಷ್ಟವೂ ಇಲ್ಲ. ಈ ಆಟದಲ್ಲಿ ಹತ್ತು ಹದಿನೈದು ಸೆಕೆಂಡ್ ಬಿರುಸಿನ ಓಟ, ಸ್ವಲ್ಪ ಬಿಡುವು, ಮತ್ತೆ ಓಟ. ಗೆರೆಯಿಂದ ಗೆರೆಗೆ ಚೆಂಡಿನೊಂದಿಗೆ ಓಡಿಸುವ ಅಭ್ಯಾಸವೇ ಅದನ್ನು ಬೆಳೆಸುತ್ತದೆ.

ಗಾಳಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮುಂಗಾರಿನ ತಿಂಗಳುಗಳಲ್ಲಿ ಈ ಬಯಲಿಗೆ ಪಡುವಣ ಗಾಳಿ ಜೋರಾಗಿ ಬೀಸುತ್ತದೆ, ಶಾಲಾ ಕ್ರೀಡಾಕೂಟಗಳು ಶುರುವಾಗುವುದೂ ಆ ದಿನಗಳ ಹಿಂದೆಮುಂದೆಯೇ. ಬಯಲು ಅಂಗಳದಲ್ಲಿ ದೂರದ ಶಾಟ್ ದಾರಿ ತಪ್ಪುತ್ತದೆ. ಬೋರ್ಡಿಗೆ ಬಡಿದು ಬೀಳುವ ಹತ್ತಿರದ ಶಾಟ್, ಎರಡೂ ಕೈಯ ಲೇ-ಅಪ್, ನೆಲಕ್ಕೆ ಪುಟಿಸುವ ಪಾಸ್ ಇವನ್ನು ನೆಚ್ಚಿದ ತಂಡ ಇಂಥ ದಿನ ಮೇಲುಗೈ ಪಡೆಯುತ್ತದೆ.

ಕೋಚ್‌ನ ಕಲಿಕೆ

ಭಾರತದಲ್ಲಿ ಕೋಚಿಂಗ್ ಡಿಪ್ಲೊಮಾಕ್ಕೆ ಪ್ರಮುಖ ಸಂಸ್ಥೆ 1961ರಲ್ಲಿ ಪಟಿಯಾಲದಲ್ಲಿ ಆರಂಭವಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆ, ಎಂದರೆ ಎನ್‌ಐಎಸ್. ಫಿಬಾ ಮತ್ತು ವಿಶ್ವ ಕೋಚ್‌ಗಳ ಸಂಘ ಹಂತಹಂತದ ಕೈಪಿಡಿಗಳನ್ನು ಉಚಿತವಾಗಿ ಪ್ರಕಟಿಸಿವೆ. ಶಾಲೆಯ ಶಿಕ್ಷಕರಿಗೆ ಸಾಮಾನ್ಯವಾಗಿ ದೈಹಿಕ ಶಿಕ್ಷಣದ ಪದವಿ ಇರುತ್ತದೆ, ಇದೊಂದೇ ಆಟದ ವಿಶೇಷ ತರಬೇತಿ ಇರುವುದು ವಿರಳ.

ಕೋಚ್‌ನ ನಡವಳಿಕೆಯನ್ನು ಕಲಿಸಿದರೂ ಫಲವಿದೆ. ವಾಷಿಂಗ್ಟನ್ ವಿಶ್ವವಿದ್ಯಾಲಯದ ರೊನಾಲ್ಡ್ ಸ್ಮಿತ್ ಮತ್ತು ಫ್ರಾಂಕ್ ಸ್ಮಾಲ್ ಮಕ್ಕಳ ಬೇಸ್‌ಬಾಲ್ ಕೋಚ್‌ಗಳಿಗೆ ಹುರಿದುಂಬಿಸುವ, ತಪ್ಪನ್ನು ಸಮಾಧಾನದಿಂದ ತಿದ್ದುವ ಕಿರು ತರಬೇತಿ ಕೊಟ್ಟರು. 1992ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಅಂಥ ತರಬೇತಿ ಇಲ್ಲದ ಕೋಚ್‌ಗಳ ಬಳಿ ಶೇಕಡ 26ರಷ್ಟು ಮಕ್ಕಳು ಮುಂದಿನ ವರ್ಷ ಆಟ ಬಿಟ್ಟರು. ತರಬೇತಿ ಪಡೆದವರ ಬಳಿ ಬಿಟ್ಟವರು ಶೇಕಡ 5 ಮಾತ್ರ.

ಕೊರತೆ ಮತ್ತು ಅಗತ್ಯ

ಶಾಲಾ ಕೂಟಗಳು ಸಾಮಾನ್ಯವಾಗಿ ನಾಕ್‌ಔಟ್ ಮಾದರಿಯವು. ತಾಲ್ಲೂಕು ಮಟ್ಟದಲ್ಲಿ ಮೊದಲ ಪಂದ್ಯ ಸೋತ ತಂಡಕ್ಕೆ ಆ ವರ್ಷದ ಸ್ಪರ್ಧೆ ಅಲ್ಲಿಗೇ ಮುಗಿಯುತ್ತದೆ. ಇಡೀ ವರ್ಷದ ಅಭ್ಯಾಸ ಒಂದೇ ಪಂದ್ಯಕ್ಕೆ ಎಂದಾದಾಗ ಕೋಚ್ ಐವರನ್ನೇ ಆಡಿಸುತ್ತಾರೆ, ಜೋನ್ ಹಾಕುತ್ತಾರೆ, ಎತ್ತರದವನ ಕೈಗೇ ಚೆಂಡು ಕೊಡಿಸುತ್ತಾರೆ, ಬದಿಯಲ್ಲಿ ನಿಂತು ಕೂಗುತ್ತಾರೆ. ಹೀಗೆ ಕೋಚ್‌ನ ತಪ್ಪುಗಳಂತೆ ಕಾಣುವ ಬಹಳಷ್ಟು ಸಂಗತಿಗಳ ಬೇರು ಸ್ಪರ್ಧೆಯ ಏರ್ಪಾಟಿನಲ್ಲಿದೆ. ಅಕ್ಕಪಕ್ಕದ ನಾಲ್ಕು ಶಾಲೆಗಳು ಸೇರಿ, ಪ್ರಶಸ್ತಿಯ ಹಂಗಿಲ್ಲದೆ, ಶನಿವಾರಗಳಲ್ಲಿ ಎಲ್ಲರೂ ಎಲ್ಲರ ಮೇಲೆ ಆಡುವ ಒಂದು 3x3 ಲೀಗ್ ನಡೆಸಲು ಬೇಕಾದ್ದು ಒಂದು ಸಿಮೆಂಟ್ ಅಂಗಳ, ಒಂದು ರಿಂಗ್, ನಾಲ್ಕು ಚೆಂಡು. ಗುಂಡ್ಲುಪೇಟೆಯಂಥ ತಾಲ್ಲೂಕಿನಲ್ಲಿ ಎಳೆಯರ ಬಾಸ್ಕೆಟ್‌ಬಾಲ್ ಬೆಳೆಯಲು ಮೊದಲು ಆಗಬೇಕಾದದ್ದು ಪ್ರತಿ ಮಗುವಿಗೂ ವರ್ಷಕ್ಕೆ ಹತ್ತಾರು ಪಂದ್ಯಗಳು ಸಿಗುವುದು. ಹೊಸ ಕಪ್ಪುಗಳು, ದೊಡ್ಡ ಕ್ರೀಡಾಂಗಣಗಳು ಆಮೇಲಿನ ಮಾತು.